ಮೊದಲ ಅಚ್ಚಿನ ಪ್ಲೇಟು: ಏನು, ಏಕೆ, ಹೇಗೆ?

ಧ್ವನಿಮುದ್ರಣದ ಬಗ್ಗೆ ನಮ್ಮ ಮಾತುಕತೆ ಕಾರ್ಯಕ್ರಮ ನಡೆದಾಗ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ವಿದ್ಯಾರ್ಥಿಗಳು ಸಭಿಕರಾಗಿ ಬಂದಿದ್ದರು. ಮುಗಿಯಲು ಎರಡು ನಿಮಿಷ ಉಳಿದಿರುವಾಗ ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿಯೊಬ್ಬ ಎದ್ದು ನಿಂತ. “ಸರ್, ಪಬ್ಲಿಕ್ ಎನಿಮಿ ಎಂಬ ಹಿಪ್ ಹಾಪ್ ತಂಡದ 1988ರ ಆಲ್ಬಮ್ ಇದೆ. ಹಾಡುಗಳು ಅವೇ, ಹಾಡಿದವರು ಅವರೇ. ಆದರೆ ಈಚೆಗೆ ಅಚ್ಚಾದ ಪ್ಲೇಟಿಗಿಂತ 1988ರಲ್ಲೇ ಅಚ್ಚಾದ ಪ್ಲೇಟನ್ನು ಹುಡುಕಿ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರಂತೆ. ಹಾಗೇಕೆ?” ಎಂದು ಕೇಳಿದ. ಅವನು ಕುಳಿತುಕೊಳ್ಳುವ ಮೊದಲೇ ಬೆಳ್ತಂಗಡಿಯ ಹೈಸ್ಕೂಲು ಹುಡುಗಿಯೊಬ್ಬಳು ಕೈ ಎತ್ತಿದಳು. “ನಮ್ಮ ಅಜ್ಜನ ಮನೆಯ ಅಟ್ಟದಲ್ಲಿಯೂ ಕಪ್ಪು ಪ್ಲೇಟುಗಳಿವೆ ಸರ್. ಗುಜರಿಗೆ ಕೊಟ್ಟುಬಿಡುವ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಕೊಡಬಹುದಾ?”

ಅಷ್ಟರಲ್ಲಿ ಸಮಯ ಮುಗಿಯಿತು. ಕಾರ್ಯಕ್ರಮದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ವಿವರವಾಗಿ ಕೊಡುತ್ತಿದ್ದೇನೆ. ಹುಡುಗನ ಪ್ರಶ್ನೆಗೆ ಉತ್ತರ ತಿಳಿದರೆ ಹುಡುಗಿಯ ಪ್ರಶ್ನೆಗೂ ಉತ್ತರ ಸಿಕ್ಕಂತೆಯೇ.

ಅರಗಿನಿಂದ ವಿನೈಲ್‌ವರೆಗೆ

ಅಟ್ಟದಲ್ಲಿ ಸಿಗುವ ಕಪ್ಪು ಪ್ಲೇಟುಗಳೆಲ್ಲ ಒಂದೇ ಜಾತಿಯವಲ್ಲ. ಎಮಿಲ್ ಬರ್ಲಿನರ್ ಎಂಬಾತ 1887ರಲ್ಲಿ ಗ್ರಾಮಾಫೋನಿಗೆ ಪೇಟೆಂಟ್ ಪಡೆದ. ಅದರ ಪ್ಲೇಟುಗಳು ಬಹುಕಾಲ ತಯಾರಾದದ್ದು ಅರಗಿನಿಂದ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ನೀವು ತಾಳಮದ್ದಳೆಯಲ್ಲಿ ಕೇಳಿರುತ್ತೀರಿ. ಆ ಅರಗೇ ಇದು. ಮರದ ಎಳೆಯ ರೆಂಬೆಗಳ ಮೇಲೆ ಬದುಕುವ ಒಂದು ಸಣ್ಣ ಕೀಟ ಸ್ರವಿಸುವ ಅಂಟು. ಪ್ಲೇಟಿನಲ್ಲಿ ಅರಗಿನ ಪಾಲು ಕಡಿಮೆ. ಹೆಚ್ಚಿನ ಭಾಗ ಕಲ್ಲಿನ ನುಣುಪು ಪುಡಿ, ಜೊತೆಗೆ ಕಪ್ಪು ಬಣ್ಣಕ್ಕೆ ಇಂಗಾಲದ ಪುಡಿ. ಲೋಕದ ಪ್ಲೇಟು ಕಾರ್ಖಾನೆಗಳಿಗೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ ಎಂಬುದು ನೆನಪಿಡಬೇಕಾದ ಸಂಗತಿ.

ಈ ಅರಗಿನ ಪ್ಲೇಟು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತದೆ. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷ ಚಿಲ್ಲರೆ ಹಾಡು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಾಫೋನಿಗೆ ವಿದ್ಯುತ್ತು ಬೇಡ. ಕರೆಂಟು ಬರುವುದಕ್ಕೆ ಬಹಳ ಮೊದಲೇ ಅದು ಹಳ್ಳಿಯ ದೊಡ್ಡ ಮನೆಗಳ ಉಪ್ಪರಿಗೆಯನ್ನು ಸೇರಲು ಇದೇ ಕಾರಣ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿ ಪ್ಲೇಟನ್ನು ತಂದಿತು. ಇದರ ವೇಗ ನಿಮಿಷಕ್ಕೆ 33⅓ ಸುತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡು. ಮರುವರ್ಷ 45 ಸುತ್ತಿನ ಏಳು ಅಂಗುಲದ ಸಣ್ಣ ಪ್ಲೇಟು ಬಂತು. ನಮ್ಮ ದೇಶದಲ್ಲಿ ಮಾತ್ರ 78ರ ಯಂತ್ರಗಳು ಮನೆಗಳಲ್ಲಿ ಇನ್ನೂ ಓಡುತ್ತಿದ್ದುದರಿಂದ 1960ರ ದಶಕದಲ್ಲಿಯೂ ಅರಗಿನ ಪ್ಲೇಟುಗಳು ಅಚ್ಚಾಗುತ್ತಿದ್ದವು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಕಲ್ಕತ್ತೆಯ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ 78ರ ಪ್ಲೇಟುಗಳಾಗಿ ಅಚ್ಚಾದವು. ಆ ತಂಡದ ತಾಯ್ನಾಡಿನಲ್ಲಿಯೇ ಅವು 78ರಲ್ಲಿ ಬರಲಿಲ್ಲ. ಆದ್ದರಿಂದ ಲೋಕದ ನಾನಾ ಕಡೆಯ ಸಂಗ್ರಾಹಕರು ಇಂದು ಆ ಭಾರತೀಯ ಪ್ಲೇಟುಗಳನ್ನು ಅರಸುತ್ತಾರೆ.

ಕೈಗೆ ಸಿಕ್ಕ ಪ್ಲೇಟು ಅರಗಿನದೋ ವಿನೈಲಿನದೋ ಎಂದು ತಿಳಿಯುವುದು ಸುಲಭ. ಅರಗಿನದು ದಪ್ಪ, ಭಾರ, ಸ್ವಲ್ಪವೂ ಬಾಗುವುದಿಲ್ಲ. ಕೆಳಗೆ ಬಿದ್ದರೆ ಹೆಂಚಿನಂತೆ ಒಡೆಯುತ್ತದೆ. ವಿನೈಲು ತೆಳು, ಹಗುರ, ತುಸು ಬಾಗುತ್ತದೆ. ಈ ವ್ಯತ್ಯಾಸ ಏಕೆ ಬಹಳ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಮರೆತು ನಾನೊಮ್ಮೆ ದಂಡ ತೆತ್ತಿದ್ದೇನೆ.

ಒಂದು ಪ್ಲೇಟು ಅಚ್ಚಾಗುವ ಬಗೆ

ಎಲ್‌ಪಿಯ ಮೇಲೆ ಕಾಣುವ ಗೆರೆಗಳು ಅನೇಕವಲ್ಲ. ಒಂದು ಮಗ್ಗುಲಲ್ಲಿ ಇರುವುದು ಹೊರಗಿನಿಂದ ಒಳಗೆ ಸುರುಳಿ ಸುತ್ತಿದ ಒಂದೇ ಗೆರೆ. ಇಪ್ಪತ್ತು ನಿಮಿಷದ ಹಾಡಿಗೆ ಪ್ಲೇಟು ಸುಮಾರು 667 ಸುತ್ತು ತಿರುಗುತ್ತದೆ. ಒಂದು ಸುತ್ತಿನ ಸರಾಸರಿ ಉದ್ದ 64 ಸೆಂಟಿಮೀಟರ್ ಎಂದು ಹಿಡಿದರೆ ಗೆರೆಯ ಉದ್ದ 425 ಮೀಟರಿಗೂ ಹೆಚ್ಚು. ನಿಮ್ಮ ಕಾಲೇಜಿನ ಓಟದ ಪಥದ ಒಂದು ಸುತ್ತಿಗಿಂತಲೂ ಹೆಚ್ಚಿನ ದೂರ ಒಂದು ತಟ್ಟೆಯೊಳಗೆ ಅಡಗಿದೆ! ಆ ಗೆರೆಯ ಅಂಚುಗಳ ಸೂಕ್ಷ್ಮ ಓಲಾಟವೇ ಧ್ವನಿ. ಮುಳ್ಳು ಅದರಲ್ಲಿ ಓಡುವಾಗ ನಡುಗುತ್ತದೆ. ಆ ನಡುಕ ವಿದ್ಯುತ್ತಾಗಿ, ಮತ್ತೆ ಸ್ಪೀಕರಿನಲ್ಲಿ ಧ್ವನಿಯಾಗಿ ಹೊರಬರುತ್ತದೆ.

ಈ ಗೆರೆಯನ್ನು ಮೊದಲು ಕೊರೆಯುವುದು ಲ್ಯಾಕರ್ ಬಳಿದ ಒಂದು ಮೃದುವಾದ ತಟ್ಟೆಯ ಮೇಲೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು ವಿದ್ಯುಲ್ಲೇಪನದಿಂದ ನಿಕ್ಕಲ್ ಲೋಹವನ್ನು ಬೆಳೆಸುತ್ತಾರೆ. ನಿಕ್ಕಲ್ ಪದರವನ್ನು ಬಿಡಿಸಿ ತೆಗೆದಾಗ ಗೆರೆ ಇದ್ದಲ್ಲಿ ಏಣು ಮೂಡಿದ ಪಡಿಯಚ್ಚು ಸಿಗುತ್ತದೆ. ಕಾರ್ಖಾನೆಯವರ ಭಾಷೆಯಲ್ಲಿ ಇದು ‘ತಂದೆ’. ತಂದೆಯಿಂದ ಇದೇ ಕ್ರಮದಲ್ಲಿ ‘ತಾಯಿ’ಯನ್ನು, ತಾಯಿಯಿಂದ ‘ಸ್ಟಾಂಪರ್’ ಎಂಬ ಒತ್ತಚ್ಚನ್ನು ತೆಗೆಯುತ್ತಾರೆ. ಎರಡು ಮಗ್ಗುಲಿನ ಎರಡು ಒತ್ತಚ್ಚುಗಳ ನಡುವೆ ಬಿಸಿ ವಿನೈಲಿನ ಮುದ್ದೆಯನ್ನೂ ಕಾಗದದ ಲೇಬಲ್ಲುಗಳನ್ನೂ ಇಟ್ಟು ಯಂತ್ರ ಒತ್ತುತ್ತದೆ. ಅರ್ಧ ನಿಮಿಷದೊಳಗೆ ಪ್ಲೇಟು ಸಿದ್ಧ. ಲೇಬಲ್ಲನ್ನು ಅಂಟು ಹಾಕಿ ಹಚ್ಚುವುದಿಲ್ಲ. ಆ ಬಿಸಿ ಮತ್ತು ಒತ್ತಡದಲ್ಲಿಯೇ ಅದು ಕೂಡಿಕೊಳ್ಳುತ್ತದೆ.

ಒಂದು ಒತ್ತಚ್ಚು ಸಾವಿರ, ಒಂದೂವರೆ ಸಾವಿರ ಪ್ಲೇಟುಗಳನ್ನು ಒತ್ತುವಷ್ಟರಲ್ಲಿ ಸವೆಯುತ್ತದೆ. ಆಗ ತಾಯಿಯಿಂದ ಬೇರೊಂದನ್ನು ತೆಗೆಯಬೇಕು. ಇನ್ನೂ ಬೇಕಾದರೆ ಮೂಲ ಟೇಪಿನಿಂದ ಹೊಸದಾಗಿ ಗೆರೆ ಕೊರೆಯಬೇಕು. ವರ್ಷಗಳು ಕಳೆದ ಮೇಲೆ ಮೂಲ ಟೇಪು ಸಿಗದೆ ಅದರ ನಕಲಿನಿಂದ, ಕೆಲವೊಮ್ಮೆ ನಕಲಿನ ನಕಲಿನಿಂದ ಕೊರೆದದ್ದೂ ಉಂಟು. ಹಾಡು ಮೊದಲು ಹೊರಬಂದಾಗ ಕೊರೆದ ಗೆರೆಯಿಂದ, ಆಗಲೇ ಒತ್ತಿದ ಪ್ಲೇಟನ್ನು ‘ಮೊದಲ ಅಚ್ಚು’ ಎನ್ನುತ್ತಾರೆ.

ಮೊದಲ ಅಚ್ಚಿನ ಧ್ವನಿಯೇ ಯಾವಾಗಲೂ ಮೇಲು ಎಂದು ತಿಳಿಯಬಾರದು. ಎಚ್ಚರದಿಂದ ಮಾಡಿದ ಮರುಮುದ್ರಣ ಸವೆದ ಹಳೆಯ ಪ್ಲೇಟಿಗಿಂತ ಚೆನ್ನಾಗಿ ಕೇಳಬಹುದು. ಮೊದಲ ಅಚ್ಚಿನ ಬೆಲೆ ಇರುವುದು ಬೇರೆ ಕಡೆ. ಆ ಹಾಡನ್ನು ಮಾಡಿದವರು ಆ ಕಾಲದಲ್ಲಿ ಏನನ್ನು ಜನರ ಕೈಗೆ ಕೊಟ್ಟರು ಎಂಬುದಕ್ಕೆ ಅದು ಸಾಕ್ಷಿ. ಈ ‘ಸಾಕ್ಷಿ’ ಎಂಬ ಮಾತನ್ನು ನೆನಪಿಡಿ.

ಗುರುತು ಹಿಡಿಯುವುದು ಹೇಗೆ?

ಹಾಡು ಮುಗಿದ ಮೇಲೆ, ಲೇಬಲ್ಲಿಗೆ ಮುಟ್ಟುವ ಮೊದಲು, ನುಣುಪಾದ ಒಂದು ಉಂಗುರದಂಥ ಜಾಗ ಇರುತ್ತದೆ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಸಣ್ಣ ಅಂಕಿ ಅಕ್ಷರಗಳು ಕಾಣುತ್ತವೆ. ಇದು ಮ್ಯಾಟ್ರಿಕ್ಸ್ ಸಂಖ್ಯೆ. ಗೆರೆ ಕೊರೆದ ತಟ್ಟೆಗೇ ಇದನ್ನು ಬರೆದಿರುವುದರಿಂದ ಆ ತಟ್ಟೆಯ ಸಂತತಿಯ ಪ್ಲೇಟುಗಳಲ್ಲೆಲ್ಲ ಇದು ಮೂಡುತ್ತದೆ. ಗೆರೆಯನ್ನು ಮತ್ತೆ ಕೊರೆದರೆ ಸಂಖ್ಯೆ ಅಥವಾ ಕೈಬರಹ ಬದಲಾಗುತ್ತದೆ. ಲೇಬಲ್ಲನ್ನು ಸುಲಭವಾಗಿ ನಕಲು ಮಾಡಬಹುದು. ಈ ಬರಹವನ್ನು ಅಷ್ಟು ಸುಲಭವಾಗಿ ಮಾಡಲಾಗದು.

ಕೆಲವು ಕಾರ್ಖಾನೆಗಳ ಗುರುತುಗಳು ಒಗಟಿನಂತಿವೆ. ಇಂಗ್ಲೆಂಡಿನ ಹೇಯ್ಸ್ ಎಂಬಲ್ಲಿದ್ದ ಇಎಂಐ ಕಾರ್ಖಾನೆಯವರು ಒತ್ತಚ್ಚಿನ ಕ್ರಮಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರಗಳು ಕ್ರಮವಾಗಿ 1ರಿಂದ 9 ಮತ್ತು 0. ಈ ಅಕ್ಷರಗಳನ್ನು ಕೂಡಿಸಿ ಓದಿದರೆ ಗ್ರಾಮಾಫೋನ್ ಕಂಪನಿಯ ಹೆಸರಿನ ಛಾಯೆ ಕಾಣುತ್ತದೆ. ‘ಜಿ’ ಎಂದಿದ್ದರೆ ಮೊದಲ ಒತ್ತಚ್ಚು, ‘ಜಿಎ’ ಎಂದಿದ್ದರೆ 13ನೆಯದು. ‘ಆರ್‌ಡಿ’ ಎಷ್ಟನೆಯದು? ನೀವೇ ಹೇಳಿ. ನ್ಯೂಯಾರ್ಕಿನಲ್ಲಿ ಅನೇಕ ಹಿಪ್ ಹಾಪ್ ಪ್ಲೇಟುಗಳ ಗೆರೆ ಕೊರೆದ ಹರ್ಬ್ ಪವರ್ಸ್ ಎಂಬ ತಂತ್ರಜ್ಞ ಅದೇ ಜಾಗದಲ್ಲಿ ‘ಹರ್ಬೀ ಜೂನಿಯರ್’ ಎಂದು ರುಜು ಹಾಕಿ ಪಕ್ಕದಲ್ಲೊಂದು ನಗುಮುಖ ಬರೆಯುತ್ತಿದ್ದ. ಆ ಆಲ್ಬಮ್‌ಗಳ ಮೊದಲ ಅಚ್ಚನ್ನು ಹುಡುಕುವವರು ಮೊದಲು ನೋಡುವುದೇ ಆ ನಗುಮುಖವನ್ನು.

ಮ್ಯಾಟ್ರಿಕ್ಸ್ ಸಂಖ್ಯೆಯಲ್ಲದೆ ಬೇರೆ ಸುಳಿವುಗಳೂ ಉಂಟು. ಲೇಬಲ್ಲಿನ ವಿನ್ಯಾಸ, ಕಂಪನಿಯ ಹೆಸರು, ಕ್ಯಾಟಲಾಗ್ ಸಂಖ್ಯೆ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 1970ರ ಆಲ್ಬಮ್ಮಿನ ಹೊದಿಕೆಯ ಮೇಲೆ ಬಾರ್‌ಕೋಡ್ ಇದ್ದರೆ ಅದು ಖಂಡಿತ ಮರುಮುದ್ರಣ, ಏಕೆಂದರೆ ಪ್ಲೇಟಿನ ಹೊದಿಕೆಗಳಿಗೆ ಬಾರ್‌ಕೋಡ್ ಬಂದದ್ದು ಆಮೇಲೆ. ಭಾರವನ್ನು ನೋಡಿ ಮೋಸಹೋಗಬಾರದು. 180 ಗ್ರಾಂ ತೂಗುವ ದಪ್ಪ ವಿನೈಲ್ ಹೆಚ್ಚಾಗಿ ಈಚಿನ ಮರುಮುದ್ರಣ. 1980ರ ದಶಕದ ಪ್ಲೇಟುಗಳು ಅದಕ್ಕಿಂತ ಹಗುರ. ಮಸುಕಾದ ಲೇಬಲ್ಲು, ಫೋಟೋ ತೆಗೆದು ಅಚ್ಚು ಹಾಕಿದಂಥ ಹೊದಿಕೆ, ಮ್ಯಾಟ್ರಿಕ್ಸ್ ಸಂಖ್ಯೆ ಇಲ್ಲದಿರುವುದು ಅಥವಾ ಲೇಬಲ್ಲಿಗೆ ಹೊಂದದಿರುವುದು ಕಳ್ಳ ಮುದ್ರಣದ ಲಕ್ಷಣಗಳು.

ನಮ್ಮ ದೇಶದ ಅತಿ ಹಳೆಯ ಪ್ಲೇಟುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದ. ಆಗ ಇಲ್ಲಿ ಕಾರ್ಖಾನೆ ಇರಲಿಲ್ಲ. ಪ್ಲೇಟು ಅಚ್ಚಾಗಬೇಕಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಲು ಕಲಾವಿದರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ಅದು ಬಾಯಿಮಾತಿನ ಲೇಬಲ್ಲು! 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಅಗತ್ಯ ಉಳಿಯಲಿಲ್ಲ. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಜೀವನವನ್ನು ಬರೆದ ಬೆಂಗಳೂರಿನ ವಿಕ್ರಂ ಸಂಪತ್ ಅವರು ಮುಂದೆ ಹಳೆಯ ಗ್ರಾಮಾಫೋನ್ ಧ್ವನಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಕೇಳಿಸುವ ಸಂಗ್ರಹವೊಂದನ್ನು ಆರಂಭಿಸಿದರು. ಅದಕ್ಕೆಲ್ಲ ಆಧಾರ ಯಾರೋ ಎಸೆಯದೆ ಉಳಿಸಿದ ಪ್ಲೇಟುಗಳು.

ನ್ಯೂಯಾರ್ಕಿನ ಮೈಕ್ ಸೆಟ್

ಈಗ ಹಿಪ್ ಹಾಪ್ ವಿಷಯಕ್ಕೆ ಬರೋಣ. ನಮ್ಮ ಸಣ್ಣ ಪೇಟೆಗಳಲ್ಲಿ ಮದುವೆಗೆ, ಜಾತ್ರೆಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಮೈಕ್ ಸೆಟ್ಟಿನವರನ್ನು ನೀವು ಬಲ್ಲಿರಿ. ಕ್ಯಾಸೆಟ್ಟು ಬರುವ ಮೊದಲು ಊರಿನಲ್ಲಿ ಹೆಚ್ಚು ಪ್ಲೇಟುಗಳು ಇರುತ್ತಿದ್ದುದು ಅವರ ಪೆಟ್ಟಿಗೆಯಲ್ಲಿ. ಹಿಪ್ ಹಾಪ್ ಹುಟ್ಟಿದ್ದೂ ಅಂಥ ಒಂದು ಮೈಕ್ ಸೆಟ್ಟಿನಿಂದ. ಜಮೈಕಾದಿಂದ ನ್ಯೂಯಾರ್ಕಿಗೆ ಬಂದಿದ್ದ ಕೂಲ್ ಹರ್ಕ್ ಎಂಬ 18 ವರ್ಷದ ಯುವಕ 1973ರ ಆಗಸ್ಟ್ 11ರಂದು ಬ್ರಾಂಕ್ಸ್ ಎಂಬ ಬಡಾವಣೆಯಲ್ಲಿ, ತನ್ನ ತಂಗಿಯ ಸಲುವಾಗಿ ನಡೆದ ಕೂಟದಲ್ಲಿ ಪ್ಲೇಟು ಹಾಕಿದ. ಹಾಡಿನಲ್ಲಿ ತಾಳವಾದ್ಯ ಮಾತ್ರ ಉಳಿಯುವ ತುಣುಕು ಬಂದಾಗ ಜನ ಹುರುಪಿನಿಂದ ಕುಣಿಯುವುದನ್ನು ಅವನು ಕಂಡಿದ್ದ. ಒಂದೇ ಪ್ಲೇಟಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಉಪಾಯವನ್ನು ಅವನು ಬೆಳೆಸಿದ. ಆ ತಾಳದ ಮೇಲೆ ಪ್ರಾಸಬದ್ಧ ಮಾತು ಸೇರಿದಾಗ ರ್‍ಯಾಪ್ ಆಯಿತು.

ತಾನು ಹಾಕುವ ಪ್ಲೇಟು ಯಾವುದೆಂದು ಎದುರಾಳಿಗಳಿಗೆ ತಿಳಿಯಬಾರದೆಂದು ಕೂಲ್ ಹರ್ಕ್ ಲೇಬಲ್ಲುಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದನಂತೆ. ಅಂಥ ಪ್ಲೇಟು ಇಂದು ಯಾರ ಕೈಗಾದರೂ ಸಿಕ್ಕರೆ ಅದರ ಕುಲಗೋತ್ರ ಹೇಳುವುದು ಆ ಒಳ ಉಂಗುರದ ಸಂಖ್ಯೆ ಮಾತ್ರ.

1980ರ ದಶಕದಲ್ಲಿ ಸ್ಯಾಂಪ್ಲರ್ ಎಂಬ ಯಂತ್ರಗಳು ಬಂದವು. ಹಳೆಯ ಪ್ಲೇಟಿನ ತುಣುಕನ್ನು ನೆನಪಿನಲ್ಲಿಟ್ಟು, ಬೇಕಾದಾಗ ನುಡಿಸುವ ಯಂತ್ರ ಇದು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಹೆಸರಾಂತ ಯಂತ್ರದ ನೆನಪಿನ ಶಕ್ತಿ ಹತ್ತು ಸೆಕೆಂಡು ಮಾತ್ರ. ಆ ಹತ್ತು ಸೆಕೆಂಡಿನೊಳಗೆ ತುಣುಕು ತುಣುಕುಗಳನ್ನು ಹೊಂದಿಸಿ ಕಲಾವಿದರು ಹೊಸ ಸಂಗೀತ ಹೆಣೆದರು. 1980ರ ದಶಕದ ನಡುವಿನಿಂದ 1990ರ ದಶಕದ ಮೊದಲ ವರ್ಷಗಳವರೆಗಿನ ಈ ಕಾಲವನ್ನೇ ಹಿಪ್ ಹಾಪ್‌ನ ಸುವರ್ಣಯುಗ ಎನ್ನುತ್ತಾರೆ.

ಆದರೆ ತುಣುಕಿನ ಮೂಲ ಒಡೆಯರು ಸುಮ್ಮನಿರಲಿಲ್ಲ. ಬಿಜ್ ಮಾರ್ಕಿ ಎಂಬ ಕಲಾವಿದ 1991ರ ತನ್ನ ಆಲ್ಬಮ್ಮಿನ ಒಂದು ಹಾಡಿನಲ್ಲಿ ಗಿಲ್ಬರ್ಟ್ ಓ’ಸಲಿವನ್ ಅವರ 1972ರ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯಾಯಾಲಯ ಅವನಿಗೆ ವಿರುದ್ಧವಾಗಿ ತೀರ್ಪಿತ್ತಿತು. ಆಲ್ಬಮ್ ಅಂಗಡಿಗಳಿಂದ ಹಿಂದಕ್ಕೆ ಹೋಯಿತು. ಮುಂದಿನ ಮುದ್ರಣಗಳಲ್ಲಿ ಆ ಹಾಡು ಇಲ್ಲ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ ಇಂಥದೇ ತೊಡಕುಗಳಿಂದ 2023ರ ಮಾರ್ಚಿನವರೆಗೂ ಇಂಟರ್‌ನೆಟ್ಟಿನ ಸಂಗೀತ ಸೇವೆಗಳಲ್ಲಿ ದೊರೆಯಲಿಲ್ಲ. ದೊರೆತಾಗಲೂ ಕೆಲವು ತುಣುಕುಗಳು ಬದಲಾಗಿದ್ದವು. 1989ರಲ್ಲಿ ಕೇಳುಗರು ಕೇಳಿದ್ದು ಏನು ಎಂದು ತಿಳಿಯಬೇಕಾದರೆ ಆಗಿನ ಪ್ರತಿಯನ್ನೇ ಹುಡುಕಬೇಕು. ಮೂಡುಬಿದಿರೆಯ ವಿದ್ಯಾರ್ಥಿಯ ಪ್ರಶ್ನೆಗೆ ಇದೇ ಉತ್ತರ.

ಈ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. 1981ರ ‘ಜ್ಯೋತಿ’ ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಹಿರಿ ಅವರ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ್ದ ಹಾಡಿನ ತುಣುಕು 2002ರಲ್ಲಿ ಅಮೆರಿಕದ ಒಂದು ಜನಪ್ರಿಯ ಹಾಡಿನಲ್ಲಿ ಕಾಣಿಸಿಕೊಂಡಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಒಂದೂರಿನ ಅಟ್ಟದ ಪ್ಲೇಟು ಇನ್ನೊಂದೂರಿನ ಸಂಗೀತಕ್ಕೆ ಬೀಜವಾಗುವುದು ಹೀಗೆ.

ಮೂಡುಬಿದಿರೆಗೆ ತಿಳಿದ ಪಾಠ

ಮೂಲ ಪ್ರತಿಯ ಬೆಲೆ ಏನೆಂದು ಮೂಡುಬಿದಿರೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಜೈನ ಸಿದ್ಧಾಂತದ ಧವಲ, ಜಯಧವಲ, ಮಹಾಧವಲ ಎಂಬ ಮಹಾಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಬೇರೆಲ್ಲಿಯೂ ಉಳಿಯದೆ ಈ ಊರಿನ ಬಸದಿಯಲ್ಲಿ ಮಾತ್ರ ಉಳಿದು ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ತೆಗೆಯುವ ಕೆಲಸ ಆರಂಭವಾಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲದ ಸಂಪುಟಗಳು ಅಚ್ಚಾಗತೊಡಗಿದವು. ನಕಲು ಇದ್ದುದರಿಂದ ಗ್ರಂಥ ಲೋಕಕ್ಕೆಲ್ಲ ತಲುಪಿತು. ಆದರೆ ನಕಲಿನಲ್ಲಿ ಒಂದು ಪದ ಸಂಶಯಕ್ಕೆ ಎಡೆಕೊಟ್ಟರೆ ವಿದ್ವಾಂಸರು ಮರಳಿ ನೋಡುವುದು ಮೂಡುಬಿದಿರೆಯ ಗರಿಯನ್ನೇ. ತಾಳೆಗರಿಗೂ ಪ್ಲೇಟಿಗೂ ಅಂತರ ಬಹಳ. ತತ್ತ್ವ ಮಾತ್ರ ಒಂದೇ. ನಕಲು ಹರಡುತ್ತದೆ, ಮೂಲ ಸಾಕ್ಷಿ ಹೇಳುತ್ತದೆ.

ಹಳೆಯದನ್ನು ಕೂಡಿಟ್ಟು ಕಾಪಾಡುವ ಗುಣ ನೆರೆಯ ತಾಲೂಕುಗಳಲ್ಲಿಯೂ ಇದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಬಂಟ್ವಾಳದ ಬಿ.ಸಿ. ರೋಡಿನ ತುಳು ಬದುಕು ವಸ್ತುಸಂಗ್ರಹಾಲಯವನ್ನೂ ನಿಮ್ಮಲ್ಲಿ ಹಲವರು ನೋಡಿರಬಹುದು. ನಿನ್ನೆ ಮನೆಬಳಕೆಯಲ್ಲಿದ್ದ ವಸ್ತು ಇಂದು ಇತಿಹಾಸದ ಆಧಾರವಾಗುವುದನ್ನು ಅಲ್ಲಿ ಕಾಣಬಹುದು.

ಧ್ವನಿಗೂ ಇದೇ ಮಾತು. ಕರಾವಳಿಯವರೇ ಆದ ಪಿ. ಕಾಳಿಂಗರಾಯರು ಕನ್ನಡದ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಪ್ಲೇಟುಗಳ ಪಾಲು ದೊಡ್ಡದು. ಪ್ಲೇಟಿನ ಕಾಲ ಕಳೆದು ಕ್ಯಾಸೆಟ್ಟು ಬಂದಾಗ ಯಕ್ಷಗಾನ, ತಾಳಮದ್ದಳೆಗಳು ನಮ್ಮ ಮನೆಗಳ ಕಪಾಟು ಸೇರಿದವು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಅಗಲಿದರು. ಅವರ ಪದ್ಯದ ಧಾಟಿಯನ್ನು ಇನ್ನು ಕಲಿಯುವವನಿಗೆ ಮುದ್ರಿತ ಧ್ವನಿಯೇ ಗುರು. ಆದ್ದರಿಂದ ಅಟ್ಟವನ್ನು ಹುಡುಕುವಾಗ ಪ್ಲೇಟಿನ ಜೊತೆ ಹಳೆಯ ಕ್ಯಾಸೆಟ್ಟುಗಳನ್ನೂ ಮರೆಯಬೇಡಿ.

ನಮ್ಮ ಮಳೆ, ನಮ್ಮ ಅಟ್ಟ

ಪ್ಲೇಟಿಗೆ ನಮ್ಮ ಹವೆ ಮಿತ್ರನಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರುಗಳು ನಮ್ಮವು. ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ವಿನೈಲನ್ನು ಬೂಷ್ಟು ತಿನ್ನುವುದಿಲ್ಲ, ಆದರೆ ಕಾಗದದ ಹೊದಿಕೆ, ಧೂಳು, ಬೆರಳಿನ ಎಣ್ಣೆ ಇವುಗಳ ಮೇಲೆ ಬೆಳೆದು ಗೆರೆಯೊಳಗೆ ಇಳಿಯುತ್ತದೆ. ಮಳೆ ಬಿಟ್ಟರೆ ಬೇಸಿಗೆ. ಏಪ್ರಿಲಿನಲ್ಲಿ ತಗಡಿನ ಮಾಡಿನ ಕೆಳಗಿನ ಸೆಕೆಗೆ ಒಂದರ ಮೇಲೊಂದು ಪೇರಿಸಿಟ್ಟ ವಿನೈಲ್ ಪ್ಲೇಟುಗಳು ಹಪ್ಪಳದಂತೆ ಬಾಗುತ್ತವೆ. ಇನ್ನು ಪ್ರವಾಹ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅಂಥ ನೀರು ಕಾಗದವನ್ನೂ ಪ್ಲೇಟನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ.

ಆದರೆ ಮಳೆಗಿಂತಲೂ ಬೇಗ ಹಾಳುಮಾಡುವುದು ನಮ್ಮ ಅರೆತಿಳಿವು. ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲ, ಇಂದಿಗೆ ಸುಮಾರು 25 ವರ್ಷದ ಹಿಂದಿನ ಮಾತು. ಬಂಟ್ವಾಳದ ದೊಡ್ಡಮ್ಮನ ಮನೆಯ ಉಪ್ಪರಿಗೆಯಲ್ಲಿ ಒಂದು ಟ್ರಂಕು ಇತ್ತು. ಅದರೊಳಗೆ ಅಜ್ಜನ ಕಾಲದ ಒಂಬತ್ತು ಪ್ಲೇಟುಗಳು. ಒಂದರ ಮೇಲೆ ಬಿಳಿ ಬೂಷ್ಟು ದಟ್ಟವಾಗಿತ್ತು. ಲೇಬಲ್ಲು ಅರ್ಧ ಗೆದ್ದಲಿನ ಪಾಲಾಗಿತ್ತು. ಅದು ಯಾವುದೋ ನಾಟಕದ ಹಾಡೆಂದೂ ಅಜ್ಜ ದೀಪ ಹಚ್ಚುವ ಹೊತ್ತಿಗೆ ದಿನವೂ ಅದನ್ನೇ ಹಾಕುತ್ತಿದ್ದರೆಂದೂ ದೊಡ್ಡಮ್ಮ ಹೇಳಿದರು. “ಜಾಗ್ರತೆ ಮಾರಾಯ, ಅಜ್ಜನದ್ದು ಅದು” ಎಂದೂ ಸೇರಿಸಿದರು. “ನಾನು ಸಯನ್ಸ್ ಓದಿದವ ದೊಡ್ಡಮ್ಮ, ಹೆದರಬೇಡಿ” ಎಂದು ಹೇಳಿ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸತೊಡಗಿದೆ. ಬೂಷ್ಟು ಹೋಯಿತು. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ನೋಡಿ ಎಂದು ಮತ್ತಷ್ಟು ಉಜ್ಜಿದೆ. ಅದು ಕೊಳೆಯಲ್ಲ, ಪ್ಲೇಟೇ ಕರಗಿ ಹತ್ತಿಗೆ ಹತ್ತುತ್ತಿತ್ತು. ಬಡಗಿಗಳು ಮರಕ್ಕೆ ಪಾಲಿಶ್ ಹಾಕಲು ಅರಗನ್ನು ಸ್ಪಿರಿಟ್ಟಿನಲ್ಲಿಯೇ ಕರಗಿಸುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಹೊತ್ತಿಗೆ ನೆನಪಾಗಲಿಲ್ಲ.

ಆ ಪ್ಲೇಟು ಮತ್ತೆ ಹಾಡಲಿಲ್ಲ. ದೊಡ್ಡಮ್ಮ ಬೈಯಲಿಲ್ಲ, ಅದನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ನನಗೆ ಇಂದಿಗೂ ನೋವು ಕೊಡುವುದು ಪ್ಲೇಟು ಹಾಳಾದದ್ದಕ್ಕಿಂತಲೂ ಇನ್ನೊಂದು ಸಂಗತಿ. ಒರೆಸುವ ಮೊದಲು ಅದರ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಬರೆದಿದ್ದರೆ ಅದೇ ಪ್ಲೇಟಿನ ಇನ್ನೊಂದು ಪ್ರತಿ ಯಾರಲ್ಲಾದರೂ ಇದೆಯೇ ಎಂದು ಹುಡುಕಬಹುದಿತ್ತು. ಅಜ್ಜ ಸಂಜೆ ಕೇಳುತ್ತಿದ್ದ ಹಾಡು ಯಾವುದು ಎಂದು ದೊಡ್ಡಮ್ಮನಿಗೆ ಕೇಳಿಸಬಹುದಿತ್ತು. ಈಗ ಕೇಳಿಸೋಣವೆಂದರೆ ದೊಡ್ಡಮ್ಮನೂ ಇಲ್ಲ.

ನೀವು ಮಾಡಬಹುದಾದದ್ದು

ಆದ್ದರಿಂದ ಮೊದಲ ನಿಯಮ: ಮೊದಲು ಬರೆಯಿರಿ, ಆಮೇಲೆ ಒರೆಸಿರಿ. ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಪ್ಲೇಟಿಗೆ ಒಂದು ಪುಟ. ಕಂಪನಿ, ಕ್ಯಾಟಲಾಗ್ ಸಂಖ್ಯೆ, ಎರಡೂ ಮಗ್ಗುಲಿನ ಮ್ಯಾಟ್ರಿಕ್ಸ್ ಸಂಖ್ಯೆ, ಹಾಡಿದವರು, ಭಾಷೆ, ಅಳತೆ, ಒಡಕು ಗೀರುಗಳ ವಿವರ ಬರೆಯಿರಿ. ಲೇಬಲ್ಲಿನ ಫೋಟೋ ತೆಗೆಯಿರಿ. ಪ್ಲೇಟು ಮನೆಗೆ ಹೇಗೆ ಬಂತು, ಯಾರು ಕೇಳುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಅದನ್ನೂ ಬರೆಯಿರಿ. ಈ ಕೊನೆಯ ವಿವರ ಯಾವ ಕ್ಯಾಟಲಾಗಿನಲ್ಲಿಯೂ ಸಿಗದು.

ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ವಿನೈಲನ್ನು ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಮೃದು ಸೋಪಿನ ದ್ರಾವಣ ಹಾಕಿ, ಗೆರೆಯ ಗುಂಟ ಮೆತ್ತಗೆ ಒರೆಸಿ, ತಿಳಿನೀರಿನಲ್ಲಿ ಮತ್ತೊಮ್ಮೆ ಒರೆಸಿ ಒಣಗಿಸಬಹುದು, ಲೇಬಲ್ಲು ನೆನೆಯಬಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್ ಸರ್ವಥಾ ಕೂಡದು, ನೆನೆಸಿಡುವುದೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಹಳೆಯ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲೆ ಇಡಲೇಬಾರದು. 78ರ ಗೆರೆ ಅಗಲ, ಎಲ್‌ಪಿಯದು ಬಹಳ ಕಿರಿದು. ಒಂದೇ ಸಲಕ್ಕೆ ಎಲ್‌ಪಿ ಹಾಳಾಗುತ್ತದೆ.

ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಅದನ್ನು ಎಲ್ಲರಿಗೂ ಹಂಚಬಹುದೇ? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ.  ಸಾಹಿತ್ಯ ಬರೆದವರ ಮತ್ತು ರಾಗ ಸಂಯೋಜಿಸಿದವರ ಹಕ್ಕು ಬೇರೆ. ಅದು ಅವರ ಮರಣಾನಂತರ 60 ವರ್ಷ ಇರುತ್ತದೆ. ಹಂಚುವ ಮೊದಲು ಈ ಲೆಕ್ಕ ನೋಡಬೇಕು.

ಕೊನೆಗೆ ಬೆಲೆಯ ಮಾತು. ಅಟ್ಟದ ಪ್ಲೇಟು ಮಾರಿ ಶ್ರೀಮಂತರಾಗಬಹುದೆಂಬ ಆಸೆ ಬೇಡ. ಹಳೆಯದೆಲ್ಲ ಅಪರೂಪವಲ್ಲ. ಬೆಲೆ ನಿಲ್ಲುವುದು ಮೂರರ ಮೇಲೆ: ಎಷ್ಟು ಪ್ರತಿಗಳು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಪ್ಲೇಟು ಎಷ್ಟು ಸ್ವಚ್ಛವಾಗಿದೆ. ಜನಪ್ರಿಯ ಚಿತ್ರಗೀತೆಯ ಪ್ಲೇಟುಗಳು ರಾಶಿ ರಾಶಿ ಅಚ್ಚಾಗಿದ್ದುದರಿಂದ ಹೆಚ್ಚಿನವು ಸಾಮಾನ್ಯ ಬೆಲೆಯವು. ಯಾರೂ ಹೆಸರು ಕೇಳದ ಗಾಯಕನ, ಸಣ್ಣ ಭಾಷೆಯ, ಕಡಿಮೆ ಪ್ರತಿ ಅಚ್ಚಾದ ಪ್ಲೇಟಿಗೆ ಪೇಟೆಯಲ್ಲಿ ಗಿರಾಕಿ ಇಲ್ಲದಿರಬಹುದು. ಆದರೆ ಆ ಧ್ವನಿಗೆ ಉಳಿದ ಸಾಕ್ಷಿ ಅದೊಂದೇ ಆಗಿರಬಹುದು.

ಬೆಳ್ತಂಗಡಿಯ ಹುಡುಗಿಗೆ ನನ್ನ ಉತ್ತರ ಇಷ್ಟು: ಗುಜರಿಗೆ ಕೊಡಬೇಡ ಮಗಳೇ. ಗುಜರಿಯವನು ಕೊಡುವುದು ತೂಕದ ಹಣ. ಅರಗಿಗೂ ಪ್ಲಾಸ್ಟಿಕ್ಕಿಗೂ ಅದೆಷ್ಟು ಬಂದೀತು? ಬರುವ ಭಾನುವಾರ ಅಜ್ಜನ ಮನೆಗೆ ಹೋಗು. ಪ್ಲೇಟುಗಳನ್ನು ಒಂದೊಂದಾಗಿ ಇಳಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಆ ಸಣ್ಣ ಅಕ್ಷರಗಳನ್ನು ನೋಟ್ ಪುಸ್ತಕಕ್ಕೆ ಇಳಿಸು. ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆ. ಸ್ಪಿರಿಟ್ಟಿನ ಬಾಟಲಿ ಮಾತ್ರ ಹತ್ತಿರ ಬೇಡ.